ಹಾಲೆಂಡ್ ಬೀರಣ್ಣನಿಗೆ ಸಿಕ್ಕ ಬಹುವಚನ

ಹಾಲೆಂಡಿನ ಜನ ಎಂಥವರು, ಅವರ ಮನಸ್ಸು ಯಾವ ಕಡೆ ಓಡುತ್ತದೆ, ಅವರ ಮನೆಗೆ ಹೋದರೆ ಹೇಗೆ ಕೂರಬೇಕು, ಯಾವಾಗ ಏಳಬೇಕು ಎಂಬುದನ್ನೆಲ್ಲ ಅಧಿಕಾರದಿಂದ ಹೇಳಬಲ್ಲವನು ಇಡೀ ಚನ್ನಪಟ್ಟಣ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಆ ದೇಶವನ್ನು ನೋಡಿಬಂದವನೂ ಅವನೊಬ್ಬನೇ ಆದ್ದರಿಂದ ಅವನ ಪಾಂಡಿತ್ಯಕ್ಕೆ ಎದುರಾಳಿಯೇ ಇರಲಿಲ್ಲ. ರೇಷ್ಮೆ ಇಲಾಖೆಯ ಬೀರಲಿಂಗಯ್ಯ ಎಂದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಹಾಲೆಂಡ್ ಬೀರಣ್ಣ ಎಂದರೆ ಬಸ್‌ಸ್ಟ್ಯಾಂಡಿನ ಹೂವಿನವಳೂ ಮನೆಯ ದಾರಿ ತೋರಿಸುತ್ತಿದ್ದಳು. ಆ ಹೆಸರಿನಲ್ಲಿ ಅರ್ಧ ಹೊಗಳಿಕೆ, ಅರ್ಧ ಗೇಲಿ ಇತ್ತು. ಅವನು ಹೊಗಳಿಕೆಯ ಅರ್ಧವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಊರಿಗೇ ಬಿಟ್ಟಿದ್ದ.

ರೇಷ್ಮೆ ಗೂಡಿಗೆ ಬಂಗಾರದ ಕಳೆ ಬಂದಿದ್ದ ವರ್ಷಗಳು ಅವು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು, ಕುರಿ ಕಟ್ಟುವ ಕೊಟ್ಟಿಗೆಗಳೆಲ್ಲ ಸುಣ್ಣ ಬಳಿಸಿಕೊಂಡು ಹುಳದ ಮನೆಗಳಾಗಿದ್ದವು. ಇಲಾಖೆಗೆ ಪರದೇಶದ ಯೋಜನೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅಂಥದೊಂದು ಯೋಜನೆಯಲ್ಲಿ ಯಾರಾದರೊಬ್ಬರನ್ನು ಹತ್ತು ತಿಂಗಳು ಹಾಲೆಂಡಿಗೆ ತರಬೇತಿಗೆ ಕಳಿಸಬೇಕಾಗಿ ಬಂತು. ಮೇಲಿನವರಲ್ಲಿ ಒಬ್ಬರಿಗೆ ಚಳಿ ಆಗದು, ಒಬ್ಬರಿಗೆ ಮಗಳ ಮದುವೆ, ಮತ್ತೊಬ್ಬರಿಗೆ ಸಮುದ್ರ ದಾಟಿದರೆ ಸೊಂಟ ಹಿಡಿಯುತ್ತದೆಂಬ ಭಯ. ಹೀಗೆ ಜಾರುತ್ತ ಜಾರುತ್ತ ಅದು ಬೀರಲಿಂಗಯ್ಯನ ಕಾಲಬುಡಕ್ಕೆ ಬಂದು ಬಿದ್ದಿತ್ತು. ತನ್ನ ಯೋಗ್ಯತೆಯಿಂದಲೇ ಆಯ್ಕೆಯಾದೆ ಎಂದು ಅವನು ಆಗ ನಂಬಿದ್ದ. ಈಗ ನೆನೆಸಿಕೊಂಡರೆ ಅವನಿಗೇ ನಗು ಬರುತ್ತದೆ.

"ಅಲ್ಲಿ ರೇಷ್ಮೆ ಹುಳ ಸಾಕ್ತಾರಾ?" ಎಂದು ಗೌಸ್ ಕೇಳಿದ್ದ. ಗೌಸ್ ಹೈಸ್ಕೂಲಿನ ಗೆಳೆಯ, ರಾಮನಗರದಲ್ಲಿ ಗೂಡು ಕೊಂಡು ನೂಲು ತೆಗೆಸುವವನು. ಗೂಡಿನ ಮಾರ್ಕೆಟ್ಟಿನ ಎದುರಿನ ಟೀ ಅಂಗಡಿಯಲ್ಲಿ ಅವನ ಬಾಯಿಗೆ ಬೀಳದವರಿಲ್ಲ.

"ಇಲ್ಲ."

"ಹಿಪ್ಪುನೇರಳೆ?"

"ಅದೂ ಇಲ್ಲ."

"ಮತ್ತೆ ಹತ್ತು ತಿಂಗಳು ಏನ್ ಕಲ್ತೆ ಮಾರಾಯ?"

"ವಿಸ್ತರಣೆ," ಎಂದಿದ್ದ ಬೀರಲಿಂಗಯ್ಯ ಗಂಭೀರವಾಗಿ. "ರೈತರಿಗೆ ವಿಷ್ಯಾನ ಹೆಂಗೆ ತಲುಪಿಸ್ಬೇಕು ಅನ್ನೋ ಶಾಸ್ತ್ರ."

"ಹುಳಾನೇ ಇಲ್ದಿರೋ ಊರಿಗೋಗಿ ಬರೀ ವಿಸ್ತರಣೆ ತಂದವ್ನೆ ನೋಡ್ರಪ್ಪೋ!" ಎಂದು ಗೌಸ್ ಅಂಗಡಿಗೆಲ್ಲ ಕೇಳುವಂತೆ ಸಾರಿದ್ದ.

ಆದರೆ ಬೀರಲಿಂಗಯ್ಯ ತಂದದ್ದು ವಿಸ್ತರಣೆಯನ್ನಷ್ಟೇ ಅಲ್ಲ, ಒಂದು ಇಡೀ ದೇಶದ ಗುಣವನ್ನು. ಅಲ್ಲಿ ಅವನು ಇದ್ದದ್ದು ಉತ್ತರದ ಕಡೆಯ ಒಂದು ಸಣ್ಣ ಊರಿನಲ್ಲಿ, ಕೊರ್ರಿ ಎಂಬ ಒಂಟಿ ಮುದುಕಿಯ ಮನೆಯ ಮಹಡಿ ಕೋಣೆಯಲ್ಲಿ. ಮೊದಲ ದಿನ ಕೊರ್ರಿ ಅಜ್ಜಿ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ನಮ್ಮ ಕಡೆಯ ಮರ್ಯಾದೆಯಂತೆ ಅವನು "ಬೇಡ" ಎಂದ. ಇನ್ನೊಂದು ಸಲ ಹೇಳುತ್ತಾಳೆ, ಆಗ "ಅಯ್ಯೋ ಬೇಡ ಬಿಡಿ" ಎನ್ನುವುದು, ಮೂರನೆಯ ಸಲ ಒತ್ತಾಯಕ್ಕೆ ಕಟ್ಟುಬಿದ್ದವನಂತೆ ತೆಗೆದುಕೊಳ್ಳುವುದು ಎಂದು ಲೆಕ್ಕ ಹಾಕಿ ಕುಳಿತ. ಟಪ್ ಎಂದು ಡಬ್ಬಿ ಮುಚ್ಚಿತು. ಬೇಡ ಎಂದರೆ ಬೇಡ ಎಂದೇ ನಂಬುವ ಜನ! ಆ ಮೊದಲ ವಾರ ಅವನು ಮರ್ಯಾದೆ ಉಳಿಸಿಕೊಂಡು ಹೊಟ್ಟೆ ಒಣಗಿಸಿಕೊಂಡ. ಎರಡನೆಯ ವಾರ ಅಜ್ಜಿ ಅವನ ಹೊಸ ಕೋಟನ್ನು ಮೇಲಿಂದ ಕೆಳಗೆ ನೋಡಿ, "ಇದು ನಿನಗೆ ಒಪ್ಪುವುದಿಲ್ಲ, ನಿನ್ನನ್ನು ಯಾರೋ ಹಾಸಿಗೆಯಲ್ಲಿ ಸುತ್ತಿದಂತಿದೆ" ಎಂದಳು. ಅವನು ಕೋಣೆಗೆ ಹೋಗಿ ಕಣ್ಣೊರೆಸಿಕೊಂಡ. ಆದರೆ ಚಳಿಗಾಲ ಕಳೆಯುವ ಹೊತ್ತಿಗೆ ಅದೇ ಮಾತಿನಲ್ಲಿ ಅವನಿಗೆ ಏನೋ ಒಂದು ಘನತೆ ಕಾಣಿಸತೊಡಗಿತು. ಅಲ್ಲಿ ಯಾರೂ ಹೇಳದೆ ಬರುವುದಿಲ್ಲ. ಬಂದವರಿಗೆ ಒಂದೇ ಬಿಸ್ಕತ್ತು. ಹೇಳುವುದನ್ನು ನೇರ ಮುಖಕ್ಕೇ ಹೇಳುತ್ತಾರೆ. ಆಹಾ, ಎಂಥ ಶಿಸ್ತು! ನಮ್ಮವರಿಗೆ ಇದನ್ನು ಯಾರು ಕಲಿಸಬೇಕು?

ಇನ್ಯಾರು, ಬೀರಲಿಂಗಯ್ಯನೇ ಕಲಿಸಬೇಕು.

ಅವನ ಮೊದಲ ಶಿಷ್ಯೆ, ಅದೂ ತಾನಾಗಿ ಬಂದು ಸಿಕ್ಕಿದವಳು, ಅಕ್ಕ ಮಾಯಮ್ಮ. ಅವ್ವ ಸತ್ತಾಗ ಅವನಿನ್ನೂ ಅಂಬೆಗಾಲಿನ ಕೂಸು. ಕುರಿಯ ಹಿಂದೆ ಹೋಗುವಾಗ ಅವನನ್ನು ಕಂಕುಳಲ್ಲಿ ಎತ್ತಿಕೊಂಡು, ಕುರಿ ಹಾಲನ್ನೇ ಕುಡಿಸಿ, ಮೂಗು ಒರೆಸಿ, ಬೆನ್ನಿಗೆ ಬಾರಿಸಿ ಬೆಳೆಸಿದವಳು ಅವಳು. ಮದುವೆಯಾಗಿ ಅಕ್ಕೂರಿಗೆ ಹೋದಾಗ ಸೀರೆ ಕುಪ್ಪಸಗಳ ಗಂಟಿನ ಜೊತೆಗೆ ಅವನನ್ನೂ ಕರೆದುಕೊಂಡೇ ಹೋಗಿದ್ದಳು. ಅಂಥ ಅಕ್ಕ, ತಮ್ಮ ಹಾಲೆಂಡಿನಿಂದ ಬಂದ ಮೇಲೆ ಒಂದು ಬೆಳಿಗ್ಗೆ ಚೀಲದ ತುಂಬ ಅವರೆಕಾಯಿ ತುಂಬಿಕೊಂಡು ಬಸ್ಸಿಳಿದು, ಚನ್ನಪಟ್ಟಣದ ಅವನ ಮನೆಯ ಬಾಗಿಲಿನಲ್ಲೇ "ಲೇ ಬೀರಾ" ಎಂದು ಕೂಗಿದಳು. ಅವನು ಮಾರನೆಯ ದಿನದ ಭಾಷಣ ಬರೆಯುತ್ತಿದ್ದ. ವಿಷಯ: ಶಿಸ್ತು.

"ಅಕ್ಕಾ, ಬರೋಕ್ ಮುಂಚೆ ಒಂದ್ ಮಾತು ಹೇಳಿ ಕಳಿಸ್ಬೇಕು," ಎಂದ ಬೀರಲಿಂಗಯ್ಯ, ಪೆನ್ನಿನ ಮುಚ್ಚಳ ಹಾಕುತ್ತ. "ಅಲ್ಲೆಲ್ಲ ಹೆತ್ತ ಮಗ ಬರೋದಾದ್ರೂ ಕೇಳ್ಕೊಂಡೇ ಬರೋದು."

"ಯಾಕ್ಲಾ, ಅವ್ರು ಮನೇಲಿರಾಕಿಲ್ವಾ?"

"ಇರ್ತಾರೆ. ಆದ್ರೂ ಕೇಳ್ಬೇಕು."

ಅವನ ಹೆಂಡತಿ ಸರಸಮ್ಮ ಒಳಗಿನಿಂದ ಕಾಫಿ ತಂದಳು. ಬೀರಲಿಂಗಯ್ಯ ತಾನೇ ಎದ್ದು ಬಿಸ್ಕತ್ತಿನ ಡಬ್ಬಿ ತಂದು ಅಕ್ಕನ ಮುಂದೆ ಹಿಡಿದ. ಅಕ್ಕ, ಎಲ್ಲರಂತೆ, "ಬ್ಯಾಡ ಕಣ್ಲಾ" ಎಂದಳು.

"ಸರಿ," ಎಂದ ಬೀರಲಿಂಗಯ್ಯ. ಟಪ್.

ಸರಸಮ್ಮನ ಕಣ್ಣು ಅಷ್ಟಗಲವಾಯಿತು. ಮುಚ್ಚಿದ ಡಬ್ಬಿಯನ್ನು ಮಾಯಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ತಮ್ಮನ ಮುಖವನ್ನು ನೋಡಿದಳು. ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಸೆರಗು ಕೊಡವಿ ಎದ್ದಳು.

"ಆಯ್ತು ಬುಡಿ ಸ್ವಾಮಿ. ನಮಗೆ ಗೊತ್ತಾಗ್ನಿಲ್ಲ. ಇನ್ಮ್ಯಾಕೆ ಕೇಳ್ಕಂಡೇ ಬತ್ತೀವಿ."

ಅವಳು ಹೋದ ಮೇಲೆ ಬೀರಲಿಂಗಯ್ಯ ಹೆಂಡತಿಯ ಕಡೆ ತಿರುಗಿ, "ನೋಡ್ದಾ, ಎಷ್ಟು ಬೇಗ ಕಲಿತ್ಕೊಂಡ್ಳು" ಎಂದ. ಸರಸಮ್ಮ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಆ ದಿನದ ಸಾರಿನಲ್ಲಿ ಉಪ್ಪು ಇರಲಿಲ್ಲ.

ವಾರ ಕಳೆಯುವುದರಲ್ಲಿ ಪಾಠ ತಿರುಗಿ ಬಂತು. ಅಕ್ಕೂರಿನ ಬಸ್ಸಿನ ಕಂಡಕ್ಟರ್ ಬಸವಯ್ಯ, ತುಂಬಿದ ಬಸ್ಸನ್ನು ಇಲಾಖೆಯ ಕಚೇರಿ ಮುಂದೆ ನಿಲ್ಲಿಸಿ, ಫುಟ್‌ಬೋರ್ಡಿನಿಂದಲೇ ಕೂಗಿದ: "ಬೀರಣ್ಣೋ! ನಿಮ್ಮಕ್ಕೋರು ಕೇಳ್ಕಂಡ್ ಬಾ ಅಂದವ್ರೆ, ಭಾನುವಾರ ಸಾಯೇಬ್ರಿಗೆ ಪುರುಸೊತ್ತೈತಾ ಅಂತ! ನೋಡೋಕ್ ಬರ್ಬೋದಾ ಅಂತ!" ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲಿನ ಪ್ರತಿ ವಾರವೂ ಅದೇ ಆಯಿತು. ಪುರುಸೊತ್ತಿದೆ ಎಂದು ಹೇಳಿ ಕಳಿಸಿದರೆ ಅವಳು ಬರುತ್ತಿರಲಿಲ್ಲ. "ಸಾಯೇಬ್ರಿಗೆ ತ್ರಾಸ ಯಾಕೆ ಅಂತ ಸುಮ್ನಾದ್ವಿ" ಎಂದು ಮತ್ತೆ ಬಸವಯ್ಯನ ಬಾಯಲ್ಲೇ ಉತ್ತರ ಬರುತ್ತಿತ್ತು.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅವನೇ ಅಕ್ಕೂರಿಗೆ ಹೋದ. ಅಕ್ಕ ಪಕ್ಕದ ಮನೆಯಿಂದ ಕುರ್ಚಿ ತರಿಸಿ ಹಾಕಿದಳು. ಬೀರಲಿಂಗಯ್ಯ ಹುಟ್ಟಿದ ಮೇಲೆ ಆ ಮನೆಯಲ್ಲಿ ನೆಲ ಬಿಟ್ಟು ಬೇರೆ ಕಡೆ ಕುಳಿತವನೇ ಅಲ್ಲ. "ಕುಂತ್ಕಳಿ ಸ್ವಾಮಿ" ಎಂದಳು. "ಒಸಿ ಪಾಯ್ಸ ಬುಡ್ಲಾ ತಮಗೆ?" ಎಂದಳು. ಪ್ರತಿಯೊಂದು 'ನೀವು', 'ತಾವು'ಗೂ ಅವನು ಕುರ್ಚಿಯ ತುದಿಗೆ ಸರಿಯುತ್ತ ಹೋದ. ಕೊನೆಗೆ ಅವನು ತಾನು ಕಲಿತು ಬಂದ ವಿದ್ಯೆಯನ್ನೇ ಹೊರತೆಗೆದ.

"ಅಕ್ಕಾ, ನೇರವಾಗಿ ಕೇಳ್ತೀನಿ, ನೇರವಾಗೇ ಹೇಳು. ನಂಗೆ ಯಾಕ್ ಹಿಂಗ್ ನೀವು ತಾವು ಅಂತೀಯ? ಸಿಟ್ಟೈತಾ?"

"ನಿಮ್ಮಂಥೋರ ಮ್ಯಾಲೆ ನಮಗ್ಯಾತರ ಸಿಟ್ಟು ಸ್ವಾಮಿ? ದೇಸ ತಿರುಗ್ದೋರು ನೀವು."

ರಾಮನಗರದ ಟೀ ಅಂಗಡಿಯಲ್ಲಿ ಗೌಸ್‌ನ ಮುಂದೆ ಇದನ್ನೆಲ್ಲ ಹೇಳಿಕೊಂಡಾಗ ಗೌಸ್ ಮೊದಲ ಸಲ ನಗಲಿಲ್ಲ. "ನೋಡು ಬೀರ," ಎಂದ, "ಬೈದ್ರೆ ಒರೆಸ್ಕೊಂಡು ಹೋಗ್ಬೋದು. ಹೊಡುದ್ರೆ ಎಣ್ಣೆ ಹಚ್ಕೋಬೋದು. ಇಜ್ಜತ್ ಕೊಟ್ಬುಟ್ರೆ ಏನ್ ಮಾಡ್ತೀಯ? ಅದ್ಕೆ ಔಷ್ದಿ ಇಲ್ಲ."

ಅಕ್ಕನ ಬಾಯಿಂದ ಒಂದು 'ಲೇ' ಕೇಳಿದರೆ ಸಾಕು ಎಂಬ ಸ್ಥಿತಿಗೆ ಹಾಲೆಂಡ್ ಬೀರಣ್ಣ ಬಂದು ನಿಂತಿದ್ದ. ವಿಚಿತ್ರವೆಂದರೆ ಡಚ್ಚರ ಭಾಷೆಯಲ್ಲೂ ನೀನು-ನೀವು ಉಂಟು. ಚಳಿಗಾಲ ಕಳೆದ ಮೇಲೆ ಒಂದು ಸಂಜೆ ಕೊರ್ರಿ ಅಜ್ಜಿ, "ಇನ್ನು ಮೇಲೆ ನನ್ನನ್ನು 'ನೀನು' ಅನ್ನಬಹುದು" ಎಂದು ಅಪ್ಪಣೆ ಕೊಟ್ಟಿದ್ದಳು. ಅವತ್ತು ಅವನು ಪದಕ ಸಿಕ್ಕವನಂತೆ ಮಹಡಿ ಹತ್ತಿದ್ದ. ಸಮುದ್ರದಾಚೆ ಒಬ್ಬ ಮುದುಕಿಯ ಏಕವಚನ ಗಳಿಸಿದ ಜಂಬದಲ್ಲಿ ಇಲ್ಲಿ ಹುಟ್ಟಿನಿಂದಲೇ ಇದ್ದದ್ದನ್ನು ಕಳೆದುಕೊಂಡಿದ್ದ.

ಅಷ್ಟರಲ್ಲಿ ಮರೈಕೆ ಬರುವ ಸುದ್ದಿ ಬಂತು. ಅವಳು ಹಾಲೆಂಡಿನವಳು. ಹೆಣ್ಣುಮಕ್ಕಳು ಹುಳ ಸಾಕುವ ರೀತಿಯನ್ನು ತಿಳಿದುಕೊಳ್ಳಲು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ಮನೆ ಮಾಡಿಕೊಂಡು ನಾಲ್ಕು ವರ್ಷದಿಂದ ಇದ್ದಳು. ಚನ್ನಪಟ್ಟಣದ ಕಡೆ ಒಳ್ಳೆಯ ಹುಳದ ಮನೆಯೊಂದನ್ನು ನೋಡಬೇಕಂತೆ. ಇಲಾಖೆಯ ಸಾಹೇಬರು ಹಿಂದೆ ಮುಂದೆ ನೋಡದೆ ಬೀರಲಿಂಗಯ್ಯನನ್ನು ಕರೆದು, "ಆ ಜನದ ರೀತಿ ನೀತಿ ನಿನಗೇ ಗೊತ್ತು, ನೀನೇ ನೋಡ್ಕೋ" ಎಂದರು.

ಬೀರಲಿಂಗಯ್ಯನಿಗೆ ದೇವರೇ ಕಣ್ಣು ಬಿಟ್ಟಂತಾಯಿತು. ಅಕ್ಕೂರಿನಲ್ಲಿ ಅಕ್ಕನೂ ಹುಳ ಸಾಕುತ್ತಿದ್ದಳು, ಅವಳ ಹುಳದ ಮನೆಗೇ ಮರೈಕೆಯನ್ನು ಕರೆದೊಯ್ಯುವುದು. ಡಚ್ಚಿನವಳೊಬ್ಬಳನ್ನು ಕಣ್ಣಾರೆ ನೋಡಿದರೆ ಅಕ್ಕನಿಗೆ ತಿಳಿಯುತ್ತದೆ, ಬೀರ ಹೇಳಿದ್ದು ಸೊಕ್ಕಿನಿಂದಲ್ಲ, ಅದು ಅಲ್ಲಿಯ ಪದ್ಧತಿ ಎಂದು. ಮರೈಕೆಗೆ ಅಕ್ಕನ ಊರು, ಹೆಸರು ತಿಳಿಸಿ, ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆಂದು ಕಾಗದ ಬರೆದ. ಅಕ್ಕನಿಗೆ ಬಸವಯ್ಯನ ಕೈಲಿ ಹೇಳಿ ಕಳಿಸಿದ: ಬುಧವಾರ ಹನ್ನೊಂದು ಗಂಟೆಗೆ ಬರುತ್ತೇವೆ, ಊಟಕ್ಕೆ ಒತ್ತಾಯ ಮಾಡಬೇಡ, ಅವರಿಗೆ ಅದು ಹಿಡಿಸುವುದಿಲ್ಲ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟರೆ ಸಾಕು.

ಬುಧವಾರ ಇಸ್ತ್ರಿ ಅಂಗಿ ತೊಟ್ಟು, ಅಲ್ಲಿಂದ ತಂದಿದ್ದ ಸೆಂಟನ್ನು ಕತ್ತಿಗೂ ಕಂಕುಳಿಗೂ ಹಚ್ಚಿಕೊಂಡು, ಇಲಾಖೆಯ ಜೀಪಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ. ಹೇಳಿದ ಹೊತ್ತಾದರೂ ಮರೈಕೆ ಬರಲಿಲ್ಲ. ಡಚ್ಚರು ತಡ ಮಾಡುವ ಮಾತೇ ಇಲ್ಲ, ಬಸ್ಸೇ ಕೆಟ್ಟು ನಿಂತಿರಬೇಕು ಎಂದು ಡ್ರೈವರಿಗೆ ವಿವರಿಸಿದ. ಬಸ್ಸು ಬಂತು, ಖಾಲಿಯಾಯಿತು, ಹೋಯಿತು. ಬಿಸಿಲು ನೆತ್ತಿಗೇರಿತು. ಕೊನೆಗೆ ತಪ್ಪಾಯಿತೆಂದು ಹೇಳಲಾದರೂ ಅಕ್ಕನ ಮನೆಗೆ ಹೋಗಲೇಬೇಕಲ್ಲ ಎಂದು ಅಕ್ಕೂರಿಗೆ ಜೀಪು ತಿರುಗಿಸಿದ.

ಅಲ್ಲಿ ಅಕ್ಕನ ಅಡಿಗೆ ಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ಎತ್ತರದ ಕೆಂಚು ಕೂದಲಿನ ಹೆಂಗಸೊಬ್ಬಳು ಕಾಲು ಮಡಿಚಿ ಕುಳಿತು ಮುದ್ದೆ ಮುರಿಯುತ್ತಿದ್ದಳು.

"ಓ, ನೀವೇ ಹಾಲೆಂಡ್ ಬೀರಣ್ಣ?" ಎಂದಳು ಮರೈಕೆ, ಬಾಯಿ ತುಂಬಿಕೊಂಡೇ. "ಕ್ಷಮಿಸಿ, ದಾರೀಲಿ ಹಾಲಿನ ವ್ಯಾನ್ ಸಿಕ್ತು, ಸೀದಾ ಬಂದ್ಬುಟ್ಟೆ."

"ಏ ಮಾರಕ್ಕ, ಮಾತು ಆಮ್ಯಾಕೆ, ಮದ್ಲು ತಿನ್ನು ನೀನು," ಎಂದಳು ಮಾಯಮ್ಮ. ಆ ಹೆಸರು ಅವಳ ನಾಲಿಗೆಗೆ ಮಾರಕ್ಕ ಎಂದೇ ಹೊರಳಿತ್ತು. ಇನ್ನೊಂದು ಮುದ್ದೆ ತಂದಳು. ಮರೈಕೆ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದು "ಬ್ಯಾಡ ಬ್ಯಾಡ" ಎಂದಳು. ಅಕ್ಕ ಅವಳ ಬೆರಳ ಸಂದಿಯಿಂದಲೇ ಮುದ್ದೆ ಜಾರಿಸಿದಳು. ಮರೈಕೆ ನಕ್ಕು, ಮೇಲೆ ಇನ್ನೊಂದು ಸೌಟು ಸಾರನ್ನೂ ಹಾಕಿಸಿಕೊಂಡಳು.

ಬೀರಲಿಂಗಯ್ಯ ಬಾಗಿಲ ದಾರಂದಕ್ಕೆ ಒರಗಿ ನಿಂತ. "ನಿಮ್ಮ ದೇಶದಲ್ಲಿ... ಹಿಂಗೆ ಇಲ್ಲ ಅಲ್ವಾ?" ಎಂದ.

"ಯಾರು ಹೇಳಿದ್ದು? ನಮ್ಮೂರು ದಕ್ಷಿಣದ ತುದಿ. ನಮ್ಮಮ್ಮಾನೂ ಹಿಂಗೇ ತುರುಕೋಳು. ಒಂದೇ ಬಿಸ್ಕತ್ ಕೊಟ್ಟು ಡಬ್ಬಿ ಮುಚ್ಚೋದು ಮೇಲಿನ ಸೀಮೆಯೋರು ಅಂತ ನಾವೇ ಅವರನ್ನ ಆಡ್ಕೊಂಡು ನಗ್ತೀವಿ. ನೀವು ಎಷ್ಟು ಮನೇಲಿ ಇದ್ರಿ ಅಲ್ಲಿ?"

"ಒಂದ್ ಮನೇಲಿ."

"ಯಾರ ಮನೆ?"

"ಕೊರ್ರಿ ಅಂತ. ಒಬ್ಬರು ಅಜ್ಜಿ."

"ಹಂಗಾದ್ರೆ ನಿಮಗೆ ಕೊರ್ರಿ ಗೊತ್ತು," ಎಂದು ಮರೈಕೆ ಬೆರಳು ನೆಕ್ಕಿದಳು.

ನಿಂತ ನಿಲುವಿನಲ್ಲೇ ಬೀರಲಿಂಗಯ್ಯನ ಭಾಷಣಗಳೆಲ್ಲ ಒಂದರ ಮೇಲೊಂದು ಕುಸಿದವು. ಕಲ್ಯ ಎಂಬ ಊರಿನಲ್ಲಿ ಅವನ ದೂರದ ನೆಂಟ ರಾಮಲಿಂಗಯ್ಯ ಇದ್ದಾನೆ. ನೆಂಟರು ಬಂದರೆ ಒಲೆ ಆರಿಸುವವನು. ಯಾರಾದರೂ ಅವನ ಮನೆಯಲ್ಲಿ ಹತ್ತು ತಿಂಗಳಿದ್ದು ಹೋಗಿ, ಇಂಡಿಯಾದವರೆಲ್ಲ ಒಲೆ ಆರಿಸುತ್ತಾರೆ, ಆಹಾ ಎಂಥ ಶಿಸ್ತು ಎಂದು ಊರೂರು ಸಾರಿದರೆ? ಪಾಪ, ಕೊರ್ರಿಯನ್ನಾದರೂ ಪೂರ್ತಿ ತಿಳಿದಿದ್ದನೇ? ಅವನು ಹೊರಟ ದಿನ ಆ ಮುದುಕಿ ಮಳೆಯಲ್ಲಿ ಸ್ಟೇಷನ್ನಿಗೆ ಬಂದು, ತಾನೇ ಹೆಣೆದ ಕಾಲುಚೀಲ ಕೈಗಿಟ್ಟು, ಮೂಗು ಕೆಂಪಾಗಿಸಿಕೊಂಡು ರೈಲು ಮರೆಯಾಗುವವರೆಗೂ ನಿಂತಿದ್ದಳು. ಅದನ್ನು ಅವನು ಯಾವ ಭಾಷಣದಲ್ಲೂ ಹೇಳಿರಲಿಲ್ಲ. ಶಿಸ್ತಿನ ಅಧ್ಯಾಯದಲ್ಲಿ ಅದು ಕೂರುತ್ತಿರಲಿಲ್ಲ.

ಕೈ ತೊಳೆದು ಜಗಲಿಗೆ ಬಂದ ಮರೈಕೆ ದನಿ ತಗ್ಗಿಸಿ ಕೇಳಿದಳು: "ಬೀರಣ್ಣ, ಒಂದ್ ಕೇಳ್ಬೇಕು. ನಿಮ್ಮಕ್ಕ ನಿಮಗೆ 'ನೀವು' ಅಂತಾರೆ, 'ತಾವು' ಅಂತಾರೆ. ನಂಗೆ ಬಂದ ಗಳಿಗೆಯಿಂದ 'ನೀನು'. ನಾಲ್ಕು ವರ್ಷ ಆಯ್ತು, ತಿಪ್ಪಸಂದ್ರದಲ್ಲೂ ಎಲ್ರೂ ನಂಗೆ ಹಿಂಗೇ. ಆ ಮರ್ಯಾದೆ ಸಿಗ್ಬೇಕಾದ್ರೆ ನಾನು ಏನ್ ಮಾಡ್ಬೇಕು?"

"ಅವ್ವಾ," ಎಂದ ಬೀರಲಿಂಗಯ್ಯ, "ನೀವು ಏನೂ ಮಾಡ್ಬೇಡಿ. ಅದು ಮರ್ಯಾದೆ ಅಲ್ಲ, ಶಿಕ್ಷೆ. ನಿಮಗೆ ಸಿಕ್ಕಿರೋದನ್ನ ನಾನು ಕಳ್ಕೊಂಡಿದ್ದೀನಿ."

ಮರೈಕೆ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ, ದಕ್ಷಿಣದವಳಾದರೂ ಡಚ್ಚಿನವಳೇ ತಾನೆ, ಸೀದಾ ಒಳಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೇಳಿಬಿಟ್ಟಳು: "ಅಕ್ಕಾ, ಬೀರಣ್ಣನ ಮೇಲೆ ನಿಂಗ್ಯಾಕೆ ಕೋಪ?"

ಬೀರಲಿಂಗಯ್ಯ ಕಣ್ಣು ಮುಚ್ಚಿಕೊಂಡ. ಒಳಗೆ ಪಾತ್ರೆಯ ಸದ್ದು ನಿಂತಿತು.

"ಕೋಪ ಅಂತ ಕೋಪಾನಾ!" ಅಕ್ಕನ ದನಿ ಏರಿತು. "ನಾನು ಕಂಕುಳಾಗೆ ಹೊತ್ತು ಸಾಕಿದ್ ಬಡ್ಡೆತ್ತದ್ದು ಅದು! ಒಂದ್ ದಿಸ ಅವ್ನ ಮನೆಗೋದ್ರೆ ಕೇಳ್ಕಂಡ್ ಬಾ ಅಂತಾನೆ. ಬ್ಯಾಡ ಅಂದಿದ್ಕೆ ಡಬ್ಬಿ ಮುಚ್ಬುಟ್ಟ ಕಣವ್ವ, ನನ್ ಮೂತಿ ಮುಂದೆ! ಬಿಸ್ಕತ್ತಿಗೆ ಗತಿ ಇಲ್ದೆ ಓಗಿದ್ನಾ ನಾನು? ಮುಂಡೇದಕ್ಕೆ ಮೈಯೆಲ್ಲ ಓದು ತುಂಬ್ಕಂಡು ಕರುಳು ಒಣಗೋಗೈತೆ!"

ಜಗಲಿಯ ಮೇಲೆ ಬೀರಲಿಂಗಯ್ಯನಿಗೆ ಕಣ್ಣು ತುಂಬಿತು. ಬಡ್ಡೆತ್ತದ್ದು! ಮುಂಡೇದು! ಎಷ್ಟು ದಿನವಾಗಿತ್ತು ಇಂಥ ಮಾತು ಕೇಳಿ. ಅವನು ಧಾವಿಸಿ ಒಳಗೆ ಹೋಗಿ, "ತಪ್ಪಾಯ್ತು ಕಣಕ್ಕ" ಎಂದ. ಮಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಣ್ಣಗೆ, "ನೀವು ಕೈ ತೊಳ್ಕಳಿ ಸ್ವಾಮಿ, ಊಟಕ್ಕಿಕ್ತೀನಿ" ಎಂದಳು. ಬೆನ್ನ ಹಿಂದೆ ಏಕವಚನ, ಎದುರಿಗೆ ಬಂದರೆ ಬಹುವಚನ. ಅರ್ಧ ದಾರಿ ಬಂದಂತಾಯಿತು ಎಂದು ಅವನು ಸಮಾಧಾನ ಮಾಡಿಕೊಂಡ.

ಊಟ ಮುಗಿಯುವ ಮೊದಲೇ ಹುಳದ ಮನೆಯ ಕಡೆಯಿಂದ ಅಕ್ಕನ ಸೊಸೆ ಕೂಗಿದಳು. ಹುಳ ಹಣ್ಣಾಗಿವೆ! ನಾಳೆ ಎಂದುಕೊಂಡಿದ್ದು ಇವತ್ತೇ. ತಿನ್ನುವುದನ್ನು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುವ ಹುಳವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಹೇಳಿ ಕೇಳಿ ಬರುವ ಕೆಲಸವಲ್ಲ ಅದು. ಮನೆಯಲ್ಲಿದ್ದವರು, ಬೀದಿಯಲ್ಲಿ ಹೋಗುವವರು, ಎಲ್ಲರೂ ಕೈ ಹಚ್ಚಬೇಕು. ಮರೈಕೆ ಆಗಲೇ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದ್ದಳು. ಬೀರಲಿಂಗಯ್ಯನೂ ಓಡಿದ. ಬಾಗಿಲಲ್ಲಿ ಅಕ್ಕ ಅವನ ಎದೆಗೆ ಕೈ ಕೊಟ್ಟು ತಡೆದಳು.

"ಏನ್ಲಾ ಇದು, ಮದ್ವೆಗಂಡಿನಂಗೆ ಘಮ್ಮಂತಿದ್ದೀಯ! ಹುಳ ಸಾಯಿಸಾಕ್ ಬಂದ್ಯಾ? ಹೋಗಿ ಅಂಗಿ ಬಿಚ್ಚಾಕಿ ಮೈ ತೊಳ್ಕಂಡ್ ಬಾ!"

ಹುಳದ ಮನೆಗೆ ಯಾವ ವಾಸನೆಯೂ ಸೋಕಬಾರದೆಂದು ಊರೂರಲ್ಲಿ ಬೋಧಿಸುವವನೇ ಅವನು. ಆದರೆ ನಾಚಿಕೊಳ್ಳಲು ಅವನಿಗೆ ಪುರುಸೊತ್ತೆಲ್ಲಿತ್ತು? "ಅಕ್ಕಾ!" ಎಂದು ಕೂಗಿದ. "ನೀನು ನನ್ನ 'ಏನ್ಲಾ' ಅಂದೆ!"

ಮಾಯಮ್ಮ ನಿಂತಳು. "ಅಂದ್ನಾ? ತಪ್ಪಾಯ್ತು ಸ್ವಾಮಿ. ತಾವು ಮೈ ತೊಳ್ಕಂಡ್ ಬನ್ನಿ."

ಬಚ್ಚಲಲ್ಲಿ ನಿಂತು ತಣ್ಣೀರು ಸುರಿದುಕೊಳ್ಳುತ್ತ ಬೀರಲಿಂಗಯ್ಯ ತನಗೆ ತಾನೇ ಬೈದುಕೊಂಡ. ಬಾಯಿಗೆ ಬಂದದ್ದನ್ನೆಲ್ಲ ನೇರ ಆಡಿಬಿಡುವ ಚಟ! ಬನಿಯನ್ನಿನಲ್ಲೇ ಹೋಗಿ ಒಂದು ಮೂಲೆಯ ಹುಳದ ತಟ್ಟೆಯ ಮುಂದೆ ಕುಳಿತ. ಹಣ್ಣು ಹುಳವನ್ನು ಆರಿಸುತ್ತ, ಚಂದ್ರಿಕೆಯ ಸುರುಳಿಗಳಲ್ಲಿ ಬಿಡುತ್ತ ಹೋದ. ಮರೈಕೆಗೂ ಸೊಸೆಗೂ ನಡುವೆ ಏನೇನೋ ನಗೆ ನಡೆದಿತ್ತು. ಅವನು ತಲೆ ಎತ್ತಲಿಲ್ಲ. ಬಿಸಿಲು ಇಳಿಯಿತು. ಸೊಂಟ ಹಿಡಿಯಿತು. ಅಕ್ಕ ಹಿಂದಿನಿಂದ ಬಂದು ಅವನ ಚಂದ್ರಿಕೆಯನ್ನು ನೋಡುತ್ತ ನಿಂತದ್ದು ಅವಳ ಉಸಿರಿನಿಂದಲೇ ತಿಳಿಯಿತು.

"ಒಂದೇ ಕಡೆ ರಾಶಿ ಸುರೀತಿದ್ದೀಯಲ್ಲೋ. ಬುಡಿಸ್ ಬುಡಿಸಿ ಬುಡು. ಕೈ ನೋಡು, ಸೊಪ್ಪು ಕಿತ್ತು ಅಭ್ಯಾಸ ತಪ್ಪಿ ಹೆಣ್ಣೈಕಳ ಕೈ ಆದಂಗಾಗೈತೆ."

ಹೀಗೆ ಮುಖಕ್ಕೆ ಹೊಡೆದಂತೆ ಆಡುವವರು ಆ ದೇಶದಲ್ಲೂ ಸಿಗಲಾರರು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು.

"ಏನೋ ಅನ್ನಾಕ್ ಬಾಯ್ ತೆಗ್ದೆ?" ಎಂದಳು ಅಕ್ಕ.

"ಏನಿಲ್ಲ ಕಣಕ್ಕ."

"ಹಂಗಾರೆ ಕೈ ಆಡ್ಸು."

ಅವನು ಕೈ ಆಡಿಸಿದ.